ಗಾರೆ ಗಟ್ಟಿಯಾಗುವ ತನಕ

ಆ ಕಾಲೇಜಿನಲ್ಲಿ ಕಟ್ಟಿದ ಗೋಡೆ ಯಾವುದೂ ಉಳಿಯುವುದಿಲ್ಲ. ಬೆಳಿಗ್ಗೆ ಎದ್ದದ್ದು ಸಂಜೆಗೆ ಬೀಳುತ್ತದೆ. ಬೀಳಲೆಂದೇ ಅದನ್ನು ಕಟ್ಟಿಸುತ್ತಾರೆ. ಗಾರೆಗೆ ಸಿಮೆಂಟು ಹಾಕುವುದಿಲ್ಲ. ಸುಣ್ಣ, ಮರಳು, ನೀರು, ಅಷ್ಟೇ. ವಿದ್ಯಾರ್ಥಿಗಳು ಕರಣೆ ಹಿಡಿದು ಇಟ್ಟಿಗೆಯ ಮೇಲೆ ಇಟ್ಟಿಗೆ ಕೂರಿಸಿ, ನೆಟ್ಟಗಿದೆಯೇ ಎಂದು ತೂಕದ ಗುಂಡು ಬಿಟ್ಟು ನೋಡಿ, ಮೇಷ್ಟ್ರಿಂದ ಅಂಕ ಹಾಕಿಸಿಕೊಂಡು, ಕೈ ತೊಳೆದು ಹೊರಟುಹೋಗುತ್ತಾರೆ. ಆಮೇಲೆ ಯಾರಾದರೂ ಬಂದು ಆ ಗೋಡೆಯನ್ನು ದೂಡಬೇಕು. ಬಿದ್ದ ಇಟ್ಟಿಗೆಯನ್ನು ಒಂದೊಂದಾಗಿ ಮಡಿಲಿಗೆ ಎತ್ತಿಕೊಳ್ಳಬೇಕು. ಚಪ್ಪಟೆ ಮೂತಿಯ ಸುತ್ತಿಗೆಯಿಂದ ಅಂಟಿದ ಸುಣ್ಣವನ್ನು ಕೆತ್ತಬೇಕು. ಎಲ್ಲ ಮುಖಗಳನ್ನೂ ಒರೆಸಿ ಮರುದಿನಕ್ಕೆ ಒಟ್ಟಬೇಕು. ಮರುದಿನ ಮತ್ತೆ ಅದೇ ಇಟ್ಟಿಗೆ, ಮತ್ತೆ ಅದೇ ಗೋಡೆ. ಆ ಕಾಲೇಜಿನಲ್ಲಿ ಇಟ್ಟಿಗೆಯಷ್ಟು ಸಲ ಪಾಠ ಕೇಳಿದವರು ಬೇರೆ ಯಾರೂ ಇಲ್ಲ.

ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಕುಳಿತು ಈ ಕೆತ್ತುವ ಕೆಲಸ ಮಾಡುತ್ತಿದ್ದವರು ನಾಲ್ಕಾರು ಹೆಂಗಸರು. ಅವರಲ್ಲಿ ಹಿರಿಯಳನ್ನು ಎಲ್ಲರೂ ಇಟ್ಟಿಗೆಯಕ್ಕ ಎನ್ನುತ್ತಿದ್ದರು. ಹರೆಯವೆಲ್ಲ ಕಟ್ಟಡದ ಕೆಲಸದಲ್ಲಿ ಗಾರೆಯ ಬಾಣಲಿ ಹೊತ್ತು, ಕತ್ತು ಸೋತ ಮೇಲೆ ಇಲ್ಲಿಗೆ ಬಂದವಳು. ಗಂಡ ಬೇರೊಂದು ಊರಿಗೆ ಗೋಡೆ ಕಟ್ಟುವ ಕೆಲಸಕ್ಕೆ ಹೋದವನು ಅಲ್ಲೇ ಒಬ್ಬಳ ಮನೆ ಕಟ್ಟಿಕೊಟ್ಟು, ಆ ಮನೆಯೊಳಗೇ ಉಳಿದುಬಿಟ್ಟ. ಇವಳಿಗೆ ಉಳಿದದ್ದು ಒಬ್ಬ ಮಗಳು. ಹಿಡಿದ ಹಟ ಬಿಡದ ಹುಡುಗಿ; ತಾಯಿ ಅವಳನ್ನು ಮೊಂಡಿ ಎಂದೇ ಕರೆಯುತ್ತಿದ್ದಳು.

ಕಾಲೇಜಿನಲ್ಲಿ ಓದುತ್ತಿದ್ದವರು ಯಾರೆಂಬುದನ್ನು ಹೇಳಬೇಕು. ಗುತ್ತಿಗೆದಾರರ ಮಕ್ಕಳು. ಇಟ್ಟಿಗೆ ಗೂಡಿನ ಯಜಮಾನರ ತಮ್ಮಂದಿರು. ಕಬ್ಬಿಣದ ಅಂಗಡಿಯವರ ಸೋದರಳಿಯಂದಿರು. ದೊಡ್ಡ ಗುತ್ತಿಗೆ ಹಿಡಿಯಲು ಪರವಾನಗಿ ಬೇಕು, ಪರವಾನಗಿಗೆ ಈ ಕಾಲೇಜಿನ ಪ್ರಮಾಣಪತ್ರ ಬೇಕು, ಅದಕ್ಕಾಗಿ ಬಂದವರು. ಜೀವಮಾನದಲ್ಲಿ ಮತ್ತೊಮ್ಮೆ ಕರಣೆ ಮುಟ್ಟುವ ಉದ್ದೇಶ ಅವರಲ್ಲಿ ಒಬ್ಬನಿಗೂ ಇರಲಿಲ್ಲ. ಗೋಡೆ ಕಟ್ಟಿ ಬದುಕುವವರಿಗೆ ಅಲ್ಲಿನ ಫೀಸು ಎಟುಕುತ್ತಿರಲಿಲ್ಲ. ಫೀಸು ಎಟುಕುವವರು ಗೋಡೆ ಕಟ್ಟಿ ಬದುಕುತ್ತಿರಲಿಲ್ಲ. ಹೆಬ್ಬಾಗಿಲ ಮೇಲೆ ದಪ್ಪಕ್ಷರದಲ್ಲಿ 'ಕೈ ಕೆಸರಾದರೆ ಬಾಯಿ ಮೊಸರು' ಎಂದು ಬರೆಸಿದ್ದರು. ಗಾದೆ ಸುಳ್ಳಲ್ಲ. ಯಾರ ಕೈ, ಯಾರ ಬಾಯಿ ಎಂದು ಮಾತ್ರ ಬರೆಸಿರಲಿಲ್ಲ.

ಕಾಲೇಜು ನಿಂತ ಜಾಗ ಊರಿನದು. ಕೂಲಿಯವರ ಮಕ್ಕಳಿಗೆ ಕಾಲು ಭಾಗ ಸೀಟು ಪುಕ್ಕಟೆ ಕೊಡಬೇಕೆಂಬ ಷರತ್ತಿನ ಮೇಲೆ ಊರಿನವರು ಅದನ್ನು ಬಿಟ್ಟುಕೊಟ್ಟಿದ್ದರು. ವರ್ಷವರ್ಷವೂ ಆ ಸೀಟುಗಳು ಖಾಲಿ ಬೀಳುತ್ತಿದ್ದವು. ಯಾರೂ ಅರ್ಜಿ ಹಾಕಲಿಲ್ಲ ಎಂದು ಕಾಲೇಜಿನವರು ಬೇಸರಪಟ್ಟುಕೊಳ್ಳುತ್ತಿದ್ದರು. ಯಾರಿಗೂ ಹೇಳಿರಲಿಲ್ಲ ಎಂಬುದಕ್ಕೆ ಬೇಸರಪಟ್ಟವರಿಲ್ಲ. ಈ ವರ್ಷ ಊರಿನ ಸಭೆಯಲ್ಲಿ ಯಾರೋ ಬಾಯಿ ಮಾಡಿದರು. ಸೀಟು ತುಂಬಲೇಬೇಕಾಯಿತು. ಸುದ್ದಿ ಹಿತ್ತಲಿನ ಚಪ್ಪರಕ್ಕೂ ತಲುಪಿತು.

"ನಾನು ಸೇರ್ತೀನಿ" ಎಂದಳು ಮೊಂಡಿ.

"ಗಾರೆ ಕೆಲ್ಸಕ್ಕಾ? ಹೆಣ್ಣು ಹುಡ್ಗಿ!"

"ನೀನು ಗಂಡಸಾ? ಇಷ್ಟು ವರ್ಷ ಹೊತ್ತಿಲ್ವಾ?"

"ಹೊರೋದು ಬೇರೆ, ಕಟ್ಟೋದು ಬೇರೆ ಕಣೇ."

"ಅದೇ ಅಮ್ಮ. ಆ ಬೇರೆಯದ್ದೇ ನಂಗೆ ಬೇಕು."

ಪ್ರಿನ್ಸಿಪಾಲರ ಕೋಣೆಯಲ್ಲಿ ಕುರ್ಚಿಗಳಿದ್ದವು. ಕುಳಿತುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ತಾಯಿ ಮಗಳು ನಿಂತೇ ಇದ್ದರು. ಪಕ್ಕದಲ್ಲಿ ಗಾರೆ ಮೇಷ್ಟ್ರು ಕೈಕಟ್ಟಿ ನಿಂತಿದ್ದರು. ಅವರೂ ಕೂಲಿಯವರ ಮನೆಯಲ್ಲಿ ಹುಟ್ಟಿದವರೇ ಎಂದು ಚಪ್ಪರದ ಹೆಂಗಸರಿಗೆ ಗೊತ್ತಿತ್ತು. ಮೇಷ್ಟ್ರಿಗೂ ಗೊತ್ತಿತ್ತು, ನೆನಪು ಮಾಡಿಕೊಳ್ಳುತ್ತಿರಲಿಲ್ಲ.

"ಬಣ್ಣ ಹಚ್ಚೋ ವಿಭಾಗ ಇದೆ, ಅಲ್ಲಿಗೆ ಸೇರಮ್ಮ" ಎಂದರು ಪ್ರಿನ್ಸಿಪಾಲರು. "ಹೆಣ್ಣುಮಕ್ಕಳ ಕೈಗೆ ಬಣ್ಣ ಒಪ್ಪುತ್ತೆ."

"ಗೋಡೆ ಕಟ್ಟೋದು ಕಲೀಬೇಕು ಸಾರ್."

"ಯಾಕಮ್ಮ?"

"ಗಾರೆ ಹೊತ್ತೋರಿಗೆ ಅರ್ಧ ಕೂಲಿ ಸಾರ್. ಕರಣೆ ಹಿಡಿದೋರಿಗೆ ಪೂರ್ತಿ. ನಮ್ಮಮ್ಮ ಸಾಯೋ ತನಕ ಅರ್ಧದಲ್ಲೇ ಇರ್ತಾಳೆ. ನಾನು ಇರಲ್ಲ."

ಪ್ರಿನ್ಸಿಪಾಲರು ಮೇಷ್ಟ್ರ ಕಡೆ ನೋಡಿ ನಕ್ಕರು. ಮೇಷ್ಟ್ರೂ ನಕ್ಕರು, ನಗಬೇಕಾದಾಗ ನಗುವುದು ಅವರ ಸಂಬಳದೊಳಗಿನ ಕೆಲಸವೇ ಆಗಿತ್ತು. ಫೀಸು ಇಲ್ಲ, ಆದರೆ ಹೆಲ್ಮೆಟ್ಟು, ಬೂಟು, ಕರಣೆ, ಗುಂಡು, ಮಟ್ಟ ನೋಡುವ ರಸಮಟ್ಟ ಎಲ್ಲವನ್ನೂ ಕಾಲೇಜಿನ ಅಂಗಡಿಯಲ್ಲೇ ಕೊಳ್ಳಬೇಕು. ಅವಿಲ್ಲದವರನ್ನು ಕಟ್ಟುವ ಅಂಕಣಕ್ಕೆ ಬಿಡುವುದಿಲ್ಲ ಎಂದರು. ಆ ಸಾಮಾನಿನ ಬೆಲೆ ಕೇಳಿ ತಾಯಿ ಬಾಗಿಲ ಕಡೆ ತಿರುಗಿದಳು.

"ಅವಸರ ಇಲ್ಲ" ಎಂದು ಪ್ರಿನ್ಸಿಪಾಲರೇ ಸಮಾಧಾನ ಹೇಳಿದರು. "ಅನುಕೂಲ ಆದಾಗ ತಗೊಳ್ಳಿ. ಅಲ್ಲೀತನಕ ಸಾಮಗ್ರಿ ವಿಭಾಗದಲ್ಲಿ ಕಲೀಲಿ. ಅದೂ ಪಾಠವೇ."

ಸಾಮಗ್ರಿ ವಿಭಾಗ ಎಂದರೇನೆಂದು ತಾಯಿ ಕೇಳಲಿಲ್ಲ. ಸೀಟು ಸಿಕ್ಕಿತು ಎಂಬ ಒಂದೇ ಮಾತು ಅವಳ ಕಿವಿ ತುಂಬಿತ್ತು. ಅಂದು ಚಪ್ಪರದ ಕೆಳಗೆ ಎಲ್ಲರಿಗೂ ಚಹಾ ಕುಡಿಸಿದಳು. ಅಲ್ಲಿ ಪಟಾಕಿ ಎಂದು ಹೆಸರಾದ ಒಬ್ಬಳಿದ್ದಳು. ಬಾಯಿ ತೆರೆದರೆ ಸಿಡಿಯುತ್ತಿದ್ದಳು. ಅವಳು ಲೋಟ ಎತ್ತಿ, "ನಾಳೆ ನಿನ್ನ ಮಗಳು ಕಟ್ಟಿದ ಗೋಡೇನ ನೀನೇ ದೂಡ್ಬೇಕಲ್ಲಕ್ಕ, ಕೈ ಬರುತ್ತಾ?" ಎಂದು ಕಿಚಾಯಿಸಿದಳು.

"ಮೆಲ್ಲಗೆ ದೂಡ್ತೀನಿ ಬಿಡು" ಎಂದಳು ಇಟ್ಟಿಗೆಯಕ್ಕ. ಅವಳು ಅಷ್ಟು ನಕ್ಕದ್ದನ್ನು ಆ ಹೆಂಗಸರು ನೋಡಿರಲಿಲ್ಲ.

ತರಗತಿ ಶುರುವಾದ ವಾರದಲ್ಲೇ ಹೆಂಗಸರನ್ನೆಲ್ಲ ಕರೆದು, ಇನ್ನು ಬರುವುದು ಬೇಡ ಎಂದರು. ಖರ್ಚು ಹೆಚ್ಚಾಗಿದೆ, ಕೆಲಸಕ್ಕೆ ಬೇರೆ ಏರ್ಪಾಡು ಆಗಿದೆ, ಅಷ್ಟೇ. ಯಾವ ಏರ್ಪಾಡು ಎಂದು ಪಟಾಕಿ ಕೇಳಿದಳು. ಯಂತ್ರ ತರಿಸುತ್ತಾರಂತೆ ಎಂದು ಗುಮಾಸ್ತ ಹೇಳಿದ. ಇಟ್ಟಿಗೆ ಕೆತ್ತುವ ಯಂತ್ರವನ್ನು ಲೋಕದಲ್ಲಿ ಯಾರೂ ಕಂಡಿರಲಿಲ್ಲವಾದ್ದರಿಂದ ಇಲ್ಲವೆನ್ನಲೂ ಅವರಿಗೆ ಧೈರ್ಯ ಬರಲಿಲ್ಲ. ಇಟ್ಟಿಗೆಯಕ್ಕನೂ ಪಟಾಕಿಯೂ ಹಳೆಯ ಮೇಸ್ತ್ರಿಯೊಬ್ಬನ ಕೈಕಾಲು ಹಿಡಿದು ಬೇರೆ ಕಟ್ಟಡದಲ್ಲಿ ಕೆಲಸ ಹಿಡಿದರು. ಸೋತ ಕತ್ತಿನ ಮೇಲೆ ಮತ್ತೆ ಸಿಂಬಿ, ಸಿಂಬಿಯ ಮೇಲೆ ಬಾಣಲಿ, ಬಾಣಲಿ ಹೊತ್ತು ಮೂರು ಅಂತಸ್ತು. ಮೇಲೆ ಕುಳಿತ ಗಂಡಸು 'ಗಾರೆ' ಎಂದು ಕೂಗಿದರೆ ಇವಳು ಹತ್ತಬೇಕು. ಹತ್ತಿದಳು. ಮಗಳು ಕಲಿಯುತ್ತಿದ್ದಾಳೆ ಎಂದುಕೊಂಡು ಹತ್ತಿದಳು.

ದಿನಾ ಸಂಜೆ ಕೇಳುತ್ತಿದ್ದಳು. "ಏನು ಕಲಿತೆ ಇವತ್ತು?"

"ಕಲಿತೆ" ಎನ್ನುತ್ತಿದ್ದಳು ಮಗಳು.

"ಏನು ಅಂತ ಹೇಳೇ."

"ಹೇಳಿದ್ರೆ ನಿಂಗೆ ಅರ್ಥ ಆಗಲ್ಲ ಬಿಡಮ್ಮ."

ಓದುವ ಮಕ್ಕಳು ಹೀಗೆಯೇ ಮಾತನಾಡುತ್ತಾರೆಂದು ತಾಯಿ ಅದಕ್ಕೂ ಹಿಗ್ಗಿದಳು.

ಒಂದು ಸಂಜೆ ಊಟಕ್ಕೆ ಕುಳಿತಿದ್ದರು. ಮಗಳು ಅನ್ನಕ್ಕೆ ಕೈ ಹಾಕಿದವಳು ಹಲ್ಲು ಕಚ್ಚಿ ಉಸಿರೆಳೆದುಕೊಂಡಳು. ಬೆರಳನ್ನು ಬಾಯಿಗೆ ತಂದು ಊದಿದಳು. ಮತ್ತೆ ಕಲಸಲು ಹೋದಳು, ಮತ್ತೆ ಊದಿದಳು. ತಾಯಿಯ ತುತ್ತು ಅರ್ಧದಲ್ಲೇ ನಿಂತಿತು. ಆ ಊದುವುದನ್ನು ಅವಳು ಬಲ್ಲಳು. ಸುಣ್ಣ ತಿಂದ ಬೆರಳಿನ ಸೀಳಿಗೆ ಖಾರ ತಾಗಿದರೆ ಮನುಷ್ಯ ಹಾಗೆಯೇ ಊದುತ್ತಾನೆ, ಬೇರೆ ಯಾವುದಕ್ಕೂ ಹಾಗೆ ಊದುವುದಿಲ್ಲ.

"ಕೈ ತೋರ್ಸು."

"ಏನಿಲ್ಲಮ್ಮ."

"ತೋರ್ಸೇ ಮೊಂಡಿ."

ಬೆರಳ ತುದಿಗಳು ಒಡೆದಿದ್ದವು. ಉಗುರಿನ ಅಂಚಿನ ಚರ್ಮ ಬೆಳ್ಳಗೆ ಎದ್ದು, ಒಳಗೆ ಕೆಂಪು ಕಾಣುತ್ತಿತ್ತು. ಎಡಗೈಯ ಹೆಬ್ಬೆರಳಿನ ಬುಡ ಸುತ್ತಿಗೆಯ ಏಟಿಗೆ ಕಪ್ಪುಗಟ್ಟಿತ್ತು. ತಾಯಿ ತನ್ನ ಎಡಗೈಯನ್ನು ಅದರ ಪಕ್ಕದಲ್ಲಿಟ್ಟಳು. ಅದೇ ಜಾಗ. ಅದೇ ಕಪ್ಪು.

"ಇಷ್ಟು ದಿನದಲ್ಲಿ ಎಷ್ಟು ಇಟ್ಟಿಗೆ ಕೂರ್ಸಿದೆ?"

"ಒಂದೂ ಇಲ್ಲ."

"ಮತ್ತೆ?"

"ಕೆತ್ತಿದೀನಿ. ಪುಕ್ಕಟೆ ಸೀಟಿನೋರೆಲ್ಲ ಕೆತ್ತೋದೇ. ಜರಡಿ ಹಿಡಿಯೋದು, ಗಾರೆ ಕಲಸೋದು, ಹೊತ್ತು ಕೊಡೋದು, ಸಂಜೆ ಗೋಡೆ ದೂಡೋದು. ಕರಣೆ ಮುಟ್ಟೋಕೆ ಅಂಗಡಿ ಸಾಮಾನಿನ ಕಿಟ್ಟು ಬೇಕಂತೆ. ಅಮ್ಮ, ನೀನು ಕೂರ್ತಿದ್ಯಲ್ಲ ಆ ಕಲ್ಲು, ಅದರ ಮೇಲೇ ಕೂತ್ಕೊತೀನಿ ನಾನು."

ತಾಯಿ ಮಗಳ ತಟ್ಟೆ ಎಳೆದುಕೊಂಡು ತಾನೇ ಅನ್ನ ಕಲಸಿದಳು. ಆಮೇಲೆ ನಕ್ಕಳು. ಅತ್ತಿದ್ದರೆ ಹುಡುಗಿ ತಡೆದುಕೊಳ್ಳುತ್ತಿದ್ದಳೇನೋ.

"ಯಂತ್ರ ತರಿಸ್ತೀವಿ ಅಂದಿದ್ರು" ಎಂದಳು. "ನಾನೇ ಹೆತ್ತು ಕೊಟ್ಟೆ ನೋಡು."

ಮರುದಿನ ಕೂಲಿ ಬಿಟ್ಟು ಕಾಲೇಜಿಗೆ ಹೋದಳು. ಪ್ರಿನ್ಸಿಪಾಲರು ಸಿಟ್ಟಾಗಲಿಲ್ಲ. ಸಿಟ್ಟಾಗುವಷ್ಟು ಸಮಾನಳೆಂದು ಅವರು ಅವಳನ್ನು ಎಣಿಸಿರಲಿಲ್ಲ. ಮೆದುವಾಗಿಯೇ ಹೇಳಿದರು.

"ನೋಡಮ್ಮ, ಫೀಸು ಕಟ್ಟಿದ ಮಕ್ಕಳು ಫೀಸಲ್ಲಿ ಕಲೀತಾರೆ. ನಿಮ್ಮ ಮಕ್ಕಳು ಶ್ರಮದಲ್ಲಿ ಕಲೀತಾರೆ. ಎರಡೂ ಕಲಿಕೆನೇ."

"ಇಟ್ಟಿಗೆ ಕೆತ್ತೋದು ಕಲಿಯೋಕೆ ಕಾಲೇಜು ಯಾಕೆ ಸ್ವಾಮಿ? ಮನೇಲಿ ನಾನೇ ಕಲಿಸ್ತಿದ್ನಲ್ಲ."

"ಹಾಗಾದ್ರೆ ಮನೇಲೇ ಕಲಿಸಿ. ಸೀಟಿಗೆ ಜನ ಸಾಲು ನಿಂತಿದ್ದಾರೆ."

ಅಲ್ಲಿಗೆ ಮಾತು ಮುಗಿಯಿತು. ಬಡವರ ಬಾಯಿ ಮುಚ್ಚಿಸಲು ಹೊಡೆಯಬೇಕಾಗಿಲ್ಲ. ಕೊಟ್ಟದ್ದನ್ನು ಕಿತ್ತುಕೊಳ್ಳುತ್ತೇವೆ ಎಂದರೆ ಸಾಕು. ಇಟ್ಟಿಗೆಯಕ್ಕ ಮನೆಗೆ ಬಂದು ಮಗಳ ಬೆರಳಿಗೆ ಎಣ್ಣೆ ಹಚ್ಚಿದಳು. "ಹಲ್ಲು ಕಚ್ಚಿಕೊಂಡಿರು. ವರ್ಷ ಕಳೀಲಿ. ಪತ್ರ ಆದ್ರೂ ಸಿಗುತ್ತೆ" ಎಂದಳು.

"ಆ ಪತ್ರದಲ್ಲಿ ಗೋಡೆ ಕಟ್ಟಬಲ್ಲಳು ಅಂತ ಬರೆದಿರ್ತಾರಮ್ಮ. ಕೆಲ್ಸಕ್ಕೆ ಹೋದಾಗ ಕಟ್ಟು ಅಂದ್ರೆ ಏನು ಮಾಡ್ಲಿ?"

ತಾಯಿ ಮುಂದಿನ ಬೆರಳಿಗೆ ಎಣ್ಣೆ ಹಚ್ಚಿದಳು.

ಪುಕ್ಕಟೆ ಸೀಟು ನಿಜವಾಗಿ ತುಂಬಿದೆಯೋ ಇಲ್ಲವೋ ನೋಡಲು ಊರಿನ ಸಭೆಯವರು ಬರುತ್ತಾರೆಂದು ಸುದ್ದಿಯಾಯಿತು. ಕಾಲೇಜು ಸುಣ್ಣಬಣ್ಣ ಬಳಿಸಿಕೊಂಡಿತು. ಅಂದು ಪ್ರಿನ್ಸಿಪಾಲರಿಗೆ ಒಂದು ಯೋಚನೆ ಹೊಳೆಯಿತು. ಬರಿಯ ಸುಣ್ಣದ ಗೋಡೆ ಬೆರಳು ತಾಗಿದರೆ ಉದುರುತ್ತದೆ. ದೊಡ್ಡವರು ಕೈಯಿಟ್ಟು ನೋಡುವಾಗ ಪುಡಿ ಉದುರಿದರೆ ಮರ್ಯಾದೆ ಹೋಗುತ್ತದೆ. ಅಂದಿನ ಮಟ್ಟಿಗೆ ಗಾರೆಗೆ ಸಿಮೆಂಟು ಹಾಕಿ ಎಂದರು. ಗಾರೆ ಮೇಷ್ಟ್ರು ಬಾಯಿ ತೆರೆದರು, ಪ್ರಿನ್ಸಿಪಾಲರ ಮುಖ ನೋಡಿದರು, ಬಾಯಿ ಮುಚ್ಚಿದರು. ಮೂಟೆಗಳು ಬಂದವು. ಫೀಸು ಕೊಟ್ಟ ಹುಡುಗರು ಅಂಕಣದ ಉದ್ದಕ್ಕೂ ಗೋಡೆ ಎಬ್ಬಿಸಿದರು. ಕಾಲೇಜಿನಲ್ಲಿದ್ದ ಇಟ್ಟಿಗೆ ಬಹುಪಾಲು ಆ ಗೋಡೆಗಳಿಗೇ ಖರ್ಚಾಯಿತು. ಮೂಲೆಯಲ್ಲಿ ಒಂದಿಷ್ಟು ಉಳಿಯಿತು.

ದೊಡ್ಡವರು ಬರುವ ಹೊತ್ತಿಗೆ ಪುಕ್ಕಟೆ ಸೀಟಿನ ಮಕ್ಕಳ ತಲೆಗೆ ಫೀಸಿನ ಮಕ್ಕಳ ಹೆಲ್ಮೆಟ್ಟು ಏರಿತು. ಕೈಗೆ ಕರಣೆ ಬಂತು. ಮೊಂಡಿಯನ್ನು ನಿಲ್ಲಿಸಿದ್ದು ಒಬ್ಬ ಗುತ್ತಿಗೆದಾರನ ಮಗ ಕಟ್ಟಿದ ಗೋಡೆಯ ಪಕ್ಕದಲ್ಲಿ. ನೆರಳಲ್ಲೂ ಕಪ್ಪು ಕನ್ನಡಕ ತೆಗೆಯದ ಅವನನ್ನು ಹುಡುಗರು ಹಾಗೆಯೇ ಕರೆಯುತ್ತಿದ್ದರು, ಕಪ್ಪು ಕನ್ನಡಕ ಎಂದು. ಅವನ ಗೋಡೆ ಮಧ್ಯದಲ್ಲಿ ಹೊಟ್ಟೆ ಬಿಟ್ಟಿತ್ತು.

"ಕರಣೆಗೆ ಗಾರೆ ಅಂಟಿಸ್ಬೇಡ, ಹೊಸದು" ಎಂದು ಅವನು ಎಚ್ಚರಿಸಿದ.

ಬಂದವರಲ್ಲಿ ಒಬ್ಬ ಹೆಂಗಸಿದ್ದರು. ಗೋಡೆಯ ಮೇಲೆ ಕೈಯಿಟ್ಟು, ಮೊಂಡಿಯ ಗಲ್ಲ ಮುಟ್ಟಿ, "ನೀನೇ ಕಟ್ಟಿದ್ದೇನಮ್ಮ?" ಎಂದು ಕೇಳಿದರು. ಹುಡುಗಿ ಬಾಯಿ ತೆರೆಯುವ ಮೊದಲೇ ಗಾರೆ ಮೇಷ್ಟ್ರು ಹೇಳಿದರು: "ಹೌದು ಮೇಡಂ. ತುಂಬ ಚುರುಕು ಹುಡುಗಿ." ಫೋಟೋ ತೆಗೆದರು. ಕಾರುಗಳು ಗೇಟು ದಾಟುವುದರೊಳಗೆ ಹೆಲ್ಮೆಟ್ಟುಗಳು ಅವರವರ ತಲೆಗೆ ಹಿಂತಿರುಗಿದವು.

ಬೆಳಗಾದಾಗ ಗೋಡೆಗಳು ನಿಂತೇ ಇದ್ದವು.

ಹುಡುಗರು ಪಾಠಕ್ಕೆ ಬಂದರು. ಕಟ್ಟಲು ಜಾಗವಿಲ್ಲ, ಸಾಕಷ್ಟು ಇಟ್ಟಿಗೆಯೂ ಇಲ್ಲ. ದೂಡಿ ಎಂದರು ಪ್ರಿನ್ಸಿಪಾಲರು. ದೂಡಿದರು, ಅಲುಗಲಿಲ್ಲ. ದೊಡ್ಡ ಸುತ್ತಿಗೆಯಲ್ಲಿ ಹೊಡೆಸಿದರು. ಒಂದು ಮೂಲೆ ಮುರಿದು ಬಿತ್ತು. ಇಟ್ಟಿಗೆ ಎರಡಾಯಿತು, ಸಂದಿನ ಗಾರೆ ಹಾಗೆಯೇ ಉಳಿಯಿತು. ಆ ತುಂಡುಗಳನ್ನು ತಂದು ಚಪ್ಪರದ ಕೆಳಗೆ ಪುಕ್ಕಟೆ ಸೀಟಿನವರ ಮುಂದೆ ಸುರಿದರು.

"ಕೆತ್ತಿ" ಎಂದರು ಪ್ರಿನ್ಸಿಪಾಲರು.

"ಇದು ಸಿಮೆಂಟು ಸಾರ್, ಬಿಡಲ್ಲ" ಎಂದಿತು ಒಂದು ದನಿ.

"ಬಿಡಿಸೋದೇ ಕಲಿಕೆ. ಕೆತ್ತಿ. ಇನ್ನು ಮೇಲೆ ಒಡೆದ ಇಟ್ಟಿಗೆ ದುಡ್ಡು ಒಡೆದೋರೇ ಕಟ್ಟಬೇಕು."

ಕೆತ್ತಿದರು. ಸುತ್ತಿಗೆ ಪುಟಿಯಿತು. ಏಟು ಇಟ್ಟಿಗೆಗೆ ಬಿದ್ದರೂ ನೋವು ಮೊಣಕೈಗೆ ಏರಿತು. ಮೊಂಡಿಯ ಪಕ್ಕದಲ್ಲಿ ಕುಳಿತಿದ್ದ ಬಡಗಿಯ ಮಗನಿಗೆ ಒಂದು ಚೂರು ಸಿಡಿದು ಹುಬ್ಬಿನ ಮೇಲೆ ಹೊಕ್ಕಿತು. ರಕ್ತ ಕಣ್ಣಿಗೆ ಇಳಿಯಿತು. ಅವನು ತೋಳಿನಲ್ಲಿ ಒರೆಸಿಕೊಂಡು ಮತ್ತೆ ಸುತ್ತಿಗೆ ಎತ್ತಿದ. ಅವನು ಹಾಗೆ ಮತ್ತೆ ಎತ್ತಿದ್ದನ್ನು ಕಂಡು ಹುಡುಗಿಗೆ ಸಹಿಸಲಾಗಲಿಲ್ಲ. ರಕ್ತವನ್ನು ಅವಳು ಸಹಿಸಿದ್ದಳು.

ಅವಳು ತನ್ನ ಸುತ್ತಿಗೆಯನ್ನು ನೆಲಕ್ಕಿಟ್ಟಳು.

"ನಾನು ಮಾಡಲ್ಲ."

"ಏನಂದೆ?" ಎಂದರು ಮೇಷ್ಟ್ರು.

"ಮಾಡಲ್ಲ ಅಂದೆ."

ಬಡಗಿಯ ಮಗನೂ ಇಟ್ಟ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು. ಚಪ್ಪರದ ಕೆಳಗೆ ಮೊದಲ ಸಲ ಸದ್ದು ನಿಂತಿತು.

ಪ್ರಿನ್ಸಿಪಾಲರು ತಾಯಿಗೆ ಫೋನು ಮಾಡಿಸಿದರು. ಇಟ್ಟಿಗೆಯಕ್ಕ ಬಾಣಲಿ ಇಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದಳು. ಜೊತೆಗೆ ಪಟಾಕಿಯೂ ಬಂದಳು. ಕರೆಯದ ಕಡೆಗೆ ಹೋಗುವುದು ಅವಳ ಸ್ವಭಾವ. ಪ್ರಿನ್ಸಿಪಾಲರು ಅಂದು ಕುಳಿತುಕೊಳ್ಳಿ ಎಂದರು. ಹೆಂಗಸರು ನಿಂತೇ ಇದ್ದರು.

"ಮಗಳಿಗೆ ಬುದ್ಧಿ ಹೇಳಿ. ಸುತ್ತಿಗೆ ಎತ್ಕೊಳ್ಳಲಿ. ನಿಮಗೂ ಕಷ್ಟ ಇದೆ, ಗೊತ್ತು. ನಾಳೆಯಿಂದ ನೀವೂ ಬನ್ನಿ. ಕೂಲಿ ಮುಂಚಿಗಿಂತ ಜಾಸ್ತಿನೇ ಕೊಡ್ತೀನಿ. ತಾಯಿ ಮಗಳು ಒಟ್ಟಿಗೆ ಕೂತು ಕೆತ್ತಿ."

ಇಟ್ಟಿಗೆಯಕ್ಕನ ಕತ್ತು ಆ ಮಾತಿಗೆ ಹೂಂ ಎಂದಿತು. ಮೂರು ಅಂತಸ್ತು ಹತ್ತಿದ ಮೊಣಕಾಲುಗಳು ಹೂಂ ಎಂದವು. ಕುಳಿತು ಮಾಡುವ ಕೆಲಸ, ನೆರಳು, ಜಾಸ್ತಿ ಕೂಲಿ. ಆದರೆ ಅವಳು ಹಿತ್ತಲಿಗೆ ನಡೆದಳು. ಮಗಳ ಕೈಯನ್ನು ನೋಡಿದಳು. ಬಡಗಿಯ ಮಗನ ಹುಬ್ಬನ್ನು ನೋಡಿದಳು. ಒಂದು ತುಂಡು ಎತ್ತಿ ಸಂದನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ ಕೆಳಗಿಟ್ಟಳು.

"ಮನೆಗೆ ಹೋಗೋಣ ನಡೀ" ಎಂದಳು.

"ನಾನು ಬರಲ್ಲ."

"ಕೆತ್ತಲ್ಲ ಅಂತೀಯ, ಬರಲ್ಲ ಅಂತೀಯ. ಮತ್ತೇನು ಮಾಡ್ತೀಯೇ?"

"ಹೋದ್ರೆ ಅವರೇ ಬಿಟ್ಟು ಹೋದ್ರು ಅಂತ ಬರ್ಕೋತಾರಮ್ಮ. ನಾನು ಗೋಡೆ ಕಟ್ಟೋಕೆ ಬಂದೋಳು. ಕಟ್ತೀನಿ."

"ಎಲ್ಲಿ ಕಟ್ತೀ? ಜಾಗ ಎಲ್ಲಿದೆ?"

ಹುಡುಗಿ ಅಂಕಣದ ಕಡೆ ಕೈ ತೋರಿಸಿದಳು. ಕಪ್ಪು ಕನ್ನಡಕದ ಗೋಡೆ, ಹೊಟ್ಟೆ ಬಿಟ್ಟುಕೊಂಡು, ಅವಳ ಎದೆಯ ಎತ್ತರಕ್ಕೆ ನಿಂತಿತ್ತು.

"ಅದರ ಮೇಲೆ. ಅದಿನ್ನು ಬೀಳಲ್ವಲ್ಲ."

ಯಾರಿಗೂ ಹೊಳೆಯದ ಮಾತೇನೂ ಅದಾಗಿರಲಿಲ್ಲ. ಆದರೆ ಆ ಕಾಲೇಜಿನಲ್ಲಿ ನಿಂತ ಗೋಡೆಯ ಮೇಲೆ ಇನ್ನೊಂದು ವರಿ, ಇನ್ನೊಂದು ಸಾಲು ಇಟ್ಟಿಗೆ, ಇಡುವುದೆಂಬುದು ಅದುವರೆಗೆ ಇರಲೇ ಇಲ್ಲ. ಹುಡುಗಿ ಉಳಿದಿದ್ದ ಅರ್ಧ ಮೂಟೆ ಸಿಮೆಂಟನ್ನು ಎಳೆದು ತಂದಳು. ಬಡಗಿಯ ಮಗ ಮರಳನ್ನೂ ಮೂಲೆಯಲ್ಲಿ ಉಳಿದಿದ್ದ ಇಟ್ಟಿಗೆಯನ್ನೂ ತಂದ. ಕಲಸಿದರು, ಕಲಸುವುದರಲ್ಲಿ ಅವರಿಗೆ ಯಾರ ಪಾಠವೂ ಬೇಕಿರಲಿಲ್ಲ. ಕರಣೆ ಇರಲಿಲ್ಲ. ಸುತ್ತ ನಿಂತು ನೋಡುತ್ತಿದ್ದ ಹುಡುಗರಿಗೆ ಇದೊಂದು ಆಟವಾಯಿತು.

"ಲೋ, ಮೇಸ್ತ್ರಿಯಮ್ಮಂಗೆ ಕರಣೆ ಕೊಡ್ರೋ!"

"ಸೌಟು ಕೊಡೋ, ಅದು ಅಭ್ಯಾಸ ಇರುತ್ತೆ!"

ಕಪ್ಪು ಕನ್ನಡಕ ತನ್ನ ಹೊಸ ಕರಣೆಯನ್ನು ಅವಳ ಕಾಲ ಬುಡಕ್ಕೆ ಎಸೆದ. "ತಗೋ. ಒಂದು ಇಟ್ಟಿಗೆ ನೆಟ್ಟಗೆ ಕೂರ್ಸು, ನೋಡೋಣ."

ಕೂರಿಸಿದಳು. ನೆಟ್ಟಗೆ ಕೂರಲಿಲ್ಲ. ಗಾರೆ ನೀರಾಗಿತ್ತು, ಇಟ್ಟಿಗೆ ಒಂದು ಮೂಲೆಗೆ ಮುಳುಗಿತು. ಹುಡುಗರು ಕೇಕೆ ಹಾಕಿದರು. ಎತ್ತಿದಳು, ಗಾರೆ ಬಳಿದಳು, ಮತ್ತೆ ಇಟ್ಟಳು. ಎರಡನೆಯದು ಮೊದಲನೆಯದಕ್ಕಿಂತ ಎತ್ತರವಾಯಿತು. ಕರಣೆಯ ಹಿಡಿಯಿಂದ ತಟ್ಟಿದಳು. ಹೆಚ್ಚು ತಟ್ಟಿ ತಗ್ಗಾಯಿತು. ಕಲಿಯದ ಕೈ ಹೇಗಿರುತ್ತದೋ ಹಾಗಿತ್ತು ಅವಳ ಕೈ. ನಗುವವರಿಗೆ ಬೇಕಾದಷ್ಟು ನಗು ಸಿಕ್ಕಿತು. ಅವಳು ತಿರುಗಿ ನೋಡಲಿಲ್ಲ. ಮೂರನೆಯದನ್ನು ಇಡುವಾಗ ನಾಲಗೆಯ ತುದಿ ಹೊರಗೆ ಬಂದಿತ್ತು. ಮಗುವಾಗಿದ್ದಾಗ ನಡೆಯಲು ಕಲಿಯುವಾಗಲೂ ಅವಳ ನಾಲಗೆ ಹಾಗೆಯೇ ಬರುತ್ತಿತ್ತು ಎಂಬುದು ತಾಯಿಯೊಬ್ಬಳಿಗೇ ಗೊತ್ತಿತ್ತು.

ಅರ್ಧ ವರಿ ಮುಗಿಯುವ ಹೊತ್ತಿಗೆ ಪ್ರಿನ್ಸಿಪಾಲರು ಬಂದರು.

"ಯಾರು ಕೊಟ್ಟಿದ್ದು ಇವಳಿಗೆ ಕರಣೆ? ಮೇಷ್ಟ್ರೇ, ಹಸಿ ಇದೆ, ತೆಗೀರಿ ಆ ಇಟ್ಟಿಗೇನ!"

ಮೇಷ್ಟ್ರು ಒಂದೊಂದಾಗಿ ಎತ್ತಿ ಕೆಳಗಿಟ್ಟರು. ಅವರ ಕೈಗೆ ಪಳಗಿದ ಕೆಲಸ, ಕ್ಷಣದಲ್ಲಿ ಮುಗಿಯಿತು. ಹುಡುಗಿ ಬಗ್ಗಿ ಒಂದೊಂದಾಗಿ ಎತ್ತಿ ಮತ್ತೆ ಮೇಲಿಟ್ಟಳು. ಮೇಷ್ಟ್ರು ಮತ್ತೆ ತೆಗೆದರು. ಅವಳು ಮತ್ತೆ ಇಟ್ಟಳು. ಈಗ ಯಾರೂ ನಗಲಿಲ್ಲ.

"ಮೇಷ್ಟ್ರೇ, ನಿಮ್ಮಮ್ಮ ಏನು ಹೊರ್ತಿದ್ರು?" ಎಂದು ಪಟಾಕಿ ಕೇಳಿದಳು.

"ಹೊಟ್ಟೆಪಾಡು ತಾಯಿ" ಎಂದರು ಮೇಷ್ಟ್ರು, ತಲೆ ಎತ್ತದೆ. ಮತ್ತೆ ಇಟ್ಟಿಗೆಗೆ ಕೈ ಹಾಕಿದರು.

ಆಗ ಇಟ್ಟಿಗೆಯಕ್ಕ ನಡೆದು ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಪಟಾಕಿ ಪಕ್ಕದಲ್ಲಿ ನಿಂತಳು. ಬಡಗಿಯ ಮಗ, ಮಿಕ್ಕ ಪುಕ್ಕಟೆ ಸೀಟಿನವರು, ಒಬ್ಬರ ತೋಳಿಗೆ ಒಬ್ಬರು ತಾಗಿಕೊಂಡು ಗೋಡೆಯನ್ನು ಸುತ್ತುವರಿದರು.

"ಏನು ನೋಡ್ತಾ ನಿಂತ್ರಿ? ತೆಗೀರಿ ಅಂದ್ನಲ್ಲ!" ಎಂದರು ಪ್ರಿನ್ಸಿಪಾಲರು.

ಮೇಷ್ಟ್ರು ಜನರ ತಲೆಯ ಮೇಲಿಂದ ಕೈ ಚಾಚಿದಂತೆ ಮಾಡಿದರು. ಅವರು ಗಿಡ್ಡ ಮನುಷ್ಯರೇನಲ್ಲ.

"ಎಟುಕ್ತಿಲ್ಲ ಸಾರ್" ಎಂದರು.

"ಪೊಲೀಸ್ರನ್ನ ಕರೆಸ್ತೀನಿ."

"ಕರೆಸಿ" ಎಂದಳು ಪಟಾಕಿ. "ಏನಂತ ದೂರು ಕೊಡ್ತೀರಾ? ಗೋಡೆ ಕಟ್ಟೋದು ಕಲಿಸೋ ಕಾಲೇಜಲ್ಲಿ ಒಬ್ಳು ಗೋಡೆ ಕಟ್ಟಿಬಿಟ್ಳು ಸ್ವಾಮಿ, ಹಿಡ್ಕೊಂಡು ಹೋಗಿ ಅಂತಲಾ?"

ಫೀಸಿನ ಹುಡುಗರಲ್ಲಿ ಯಾರೋ ಕಿಸಕ್ಕೆಂದ. ಪ್ರಿನ್ಸಿಪಾಲರ ಮುಖ ಕಪ್ಪಿಟ್ಟಿತು. ಅವರು ದನಿ ಏರಿಸದೆ ಹುಡುಗಿಗೇ ಹೇಳಿದರು.

"ನಿನ್ನ ಸೀಟು ಹೋಯ್ತು. ಇವತ್ತಿಗೆ ಹೋಯ್ತು. ಇಲ್ಲಿ ನಿಂತಿರೋ ಇನ್ನೂ ಯಾರ್ಯಾರದ್ದು ಹೋಗಬೇಕು ಅಂತ ಅವರವರೇ ಯೋಚ್ನೆ ಮಾಡ್ಕೊಳ್ಳಲಿ."

ಇಬ್ಬರು ಮೂವರು ಯೋಚನೆ ಮಾಡಿಕೊಂಡರು. ತಲೆ ತಗ್ಗಿಸಿ ಸಾಲು ಬಿಟ್ಟು ಚಪ್ಪರಕ್ಕೆ ಹೋದರು. ಅವರನ್ನು ಯಾರೂ ಬೈಯಲಿಲ್ಲ. ಬಡಗಿಯ ಮಗ ನಿಂತೇ ಇದ್ದ.

"ರದ್ದು ಮಾಡ್ಕೊಳ್ಳಿ ಸಾರ್" ಎಂದಳು ಹುಡುಗಿ. "ಆದ್ರೆ ಇದು ಗಟ್ಟಿ ಆಗೋ ತನಕ ನಾನು ಕದಲಲ್ಲ."

ನಲ್ಲಿಯ ನೀರು ನಿಲ್ಲಿಸಿದರು. ಹೊರಗಿನವರು ಒಳಗೆ ಬರದಂತೆ ಗೇಟು ಹಾಕಿಸಿದರು. ಮಧ್ಯಾಹ್ನದ ಬಿಸಿಲಿಗೆ ಹುಡುಗರು ಬೇಸರವಾಗಿ ಮನೆಗೆ ಹೊರಟರು. ಕಪ್ಪು ಕನ್ನಡಕ ಕರಣೆಯನ್ನು ಬಿಟ್ಟೇ ಹೋದ, ಗಾರೆ ಮೆತ್ತಿದ್ದನ್ನು ತೊಳೆಯುವವರಿಲ್ಲವೆಂದು. ಕಾದ ಇಟ್ಟಿಗೆ ಗಾರೆಯ ನೀರನ್ನು ಹೀರುತ್ತಿತ್ತು. ಹಾಗೆ ಒಣಗಿದರೆ ಪುಡಿಯಾಗುತ್ತದೆ. ಇಟ್ಟಿಗೆಯಕ್ಕ ತನ್ನ ಬುತ್ತಿಯ ಜೊತೆಗಿದ್ದ ಬಾಟಲಿಯ ನೀರನ್ನು ಗೋಣಿತಾಟಿನ ಮೇಲೆ ಸುರಿದು, ತಾಟನ್ನು ಇಟ್ಟಿಗೆಗಳ ಮೇಲೆ ಹೊದಿಸಿದಳು. ಅದು ಮುಗಿಯಿತು. ಪಟಾಕಿಯ ಬಾಟಲಿ ಮುಗಿಯಿತು. ಮಕ್ಕಳ ಬಾಟಲಿಗಳು ಮುಗಿದವು. ಬಾಯಾರಿದವರು ಬಾಯಾರಿದಂತೆಯೇ ನಿಂತರು. ಗೋಡೆಗೆ ಕುಡಿಸಿದರು.

"ಸೀಟು ಹೋಯ್ತಲ್ಲಮ್ಮ" ಎಂದಳು ಮಗಳು ಮೆಲ್ಲಗೆ.

"ಹೋಯ್ತು."

"ನಿನ್ನ ಕೆಲ್ಸಾನೂ."

"ಹೂಂ. ಮೇಸ್ತ್ರಿ ಇಷ್ಟೊತ್ತಿಗೆ ಬೇರೆಯೋಳ್ನ ಹಾಕ್ಕೊಂಡಿರ್ತಾನೆ."

ಎಲ್ಲ ಸರಿಹೋಗುತ್ತದೆ ಎಂದು ತಾಯಿ ಹೇಳಲಿಲ್ಲ. ಸರಿಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಾಳೆ ಆ ಸೀಟಿಗೆ ಇನ್ನೊಬ್ಬಳು ಬರುತ್ತಾಳೆ. ಅವಳ ತಾಯಿಯೂ ಎಲ್ಲರಿಗೂ ಚಹಾ ಕುಡಿಸುತ್ತಾಳೆ. ಗಾರೆ ಮೇಷ್ಟ್ರು ದೂರದ ಕಂಬದ ಬುಡದಲ್ಲಿ ಕುಳಿತು ನೆಲ ನೋಡುತ್ತಿದ್ದರು. ಪ್ರಿನ್ಸಿಪಾಲರ ಕಿಟಕಿ ಮುಚ್ಚಿತ್ತು.

ಬಿಸಿಲು ಅಂಕಣದಿಂದ ಜಾರಿತು. ಇಟ್ಟಿಗೆಯಕ್ಕ ತಾಟನ್ನು ಸರಿಸಿ, ಮೊದಲನೆಯ ಇಟ್ಟಿಗೆಯ ಕೆಳಗಿನ ಸಂದಿಗೆ ಉಗುರು ಒತ್ತಿದಳು. ಉಗುರು ಇಳಿಯಿತು. ತಾಟು ಮುಚ್ಚಿದಳು. ಕಾದರು. ಬಡಗಿಯ ಮಗನ ಹುಬ್ಬಿನ ರಕ್ತ ಒಣಗಿ ಕಪ್ಪಾಗಿತ್ತು. ಅವನು ನಿಂತಲ್ಲೇ ತೂಗುತ್ತಿದ್ದ, ಪಟಾಕಿ ಅವನಿಗೆ ಹೆಗಲು ಕೊಟ್ಟಿದ್ದಳು. ಇಟ್ಟಿಗೆಯಕ್ಕ ಮತ್ತೆ ಒತ್ತಿ ನೋಡಿದಳು. ಗೀರು ಬಿತ್ತು. ಮತ್ತೆ ಕಾದರು.

ಬೆಳಕು ಕಂದುವ ಹೊತ್ತಿಗೆ ಅವಳು ಮಗಳನ್ನು ಕರೆದಳು.

"ನೀನೇ ನೋಡು. ನಿನ್ನ ಇಟ್ಟಿಗೆ."

ಹುಡುಗಿ ಒಡೆದ ಬೆರಳಿನ ಉಗುರನ್ನು ಸಂದಿಗೆ ಇಟ್ಟಳು. ಬಲವಾಗಿ ಒತ್ತಿದಳು. ಇನ್ನೂ ಬಲವಾಗಿ ಒತ್ತಿದಳು.

ಉಗುರು ಮುರಿಯಿತು. ಗಾರೆ ಮುರಿಯಲಿಲ್ಲ.